ಭೊಗಸ

ಹಳಿಯಾಳದ ತೇರಗಾಂವ ದಾಟಿ ಕಾಡಿನಂಚಿಗೆ ಹೋದರೆ ಕ್ರೈಸ್ತ ಸಿದ್ದಿಗಳ ಒಂದು ಕೇರಿ, ಅದರ ನಡುವೆ ಹಂಚಿನ ಪುಟ್ಟ ಇಗರ್ಜಿ. ಅಲ್ಲಿ ಪ್ರಾರ್ಥನೆ ಹೇಳಿಸುತ್ತಿದ್ದವನು ಕಾಯತಾನ. ವಾರವೆಲ್ಲ ಕಂಡವರ ಗದ್ದೆಯಲ್ಲಿ ದುಡಿದು, ಭಾನುವಾರ ತೊಳೆದ ಅಂಗಿ ತೊಟ್ಟು ಮುಂದೆ ನಿಂತನೆಂದರೆ, ಅಪ್ಪನಿಂದ ಬಾಯಿಪಾಠವಾದ ಕೊಂಕಣಿ ಜಪವನ್ನು ಒಂದಕ್ಷರ ತಪ್ಪದೆ ಹೇಳುತ್ತಿದ್ದ. ಓದು ಬರಹ ಬಾರದು. ಕನ್ನಡವೋ, ಸಂತೆಗೆ ಸಾಲುವಷ್ಟು.

ಎಪ್ಪತ್ತರ ದಶಕದಲ್ಲಿ ಗದಗಿನ ಕಡೆಯಿಂದ ರಾಯಪ್ಪ ಎಂಬ ಉಪದೇಶಿ ಬಂದರು. ಪಾದ್ರಿ ತಿಂಗಳಿಗೊಮ್ಮೆ ಬರುವ ಊರಲ್ಲಿ ಧರ್ಮ ಕಲಿಸುವ ಕೆಲಸ ಅವರದು. ಕೆಟ್ಟವರಲ್ಲ, ದುಡುಕು ಅಷ್ಟೇ. ಬಂದ ಹೊಸತರಲ್ಲೇ, ತುಂಬಿದ ಇಗರ್ಜಿಯಲ್ಲಿ ಕಾಯತಾನನ ಜಪವನ್ನು ಅರ್ಧಕ್ಕೆ ತಡೆದರು.

“ಸಾಕು ಬಿಡಪಾ. ಇನ್ನ ಮ್ಯಾಲ ಎಲ್ಲಾ ಕನ್ನಡದಾಗ.”

“ಯಾಕ್ರಿ, ನಿಮ್ಮ ದೇವರಿಗೆ ಕೊಂಕಣಿ ತಿಳ್ಯಂಗಿಲ್ಲೇನು?” ಎಂದ ಕಾಯತಾನ.

ಜನ ಗೊಳ್ಳೆಂದು ನಕ್ಕರು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು, ಕೇರಿ ಎರಡಾಯಿತು. ಒಂದೇ ದೇವರ ಮುಂದೆ ಮೊಣಕಾಲೂರುವವರಿಗೆ ಎಂಥ ಹಟ!

ಹಟ ಮಾಡಿ ಸುಖಪಟ್ಟವನಲ್ಲ ಕಾಯತಾನ. ‘ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು’ ಎನ್ನುವ ಸಾಲನ್ನು ಅವನು ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದ. ಮನಸ್ಸಿನಲ್ಲಿ ಸಿಟ್ಟಿಟ್ಟುಕೊಂಡು ಆ ಮಾತಾಡಿದರೆ ದೇವರಿಗೇ ಸುಳ್ಳು ಹೇಳಿದಂತೆ ಎಂದು ಮಗಳು ಎಲಿಜಬೆತ್ ಹತ್ತಿರ ಅನ್ನುತ್ತಿದ್ದ. ಸಾಯುವ ಮೊದಲು ಉಪದೇಶಿಯೊಂದಿಗೆ ರಾಜಿಯಾಗಬೇಕು, ಅವನಿಗೆ ಬೇಕಿದ್ದದ್ದು ಅದೊಂದೇ.

ಒಂದು ಮಳೆಗಾಲ ರಾಯಪ್ಪ ಜ್ವರದಿಂದ ಮಲಗಿದರು. ಕಾಯತಾನ ತಾನಾಗಿಯೇ ಹೋಗಿ ಅವರ ಬಾಗಿಲಲ್ಲಿ ನಿಂತ. ದಾರಿಯುದ್ದಕ್ಕೂ ಹುಡುಕಿದರೂ ತಕ್ಕ ಕನ್ನಡ ಮಾತು ಸಿಕ್ಕಿರಲಿಲ್ಲ. ಜಪದಲ್ಲಿದ್ದ ಮಾತನ್ನೇ ಆಡಿದ.

“ಭೊಗಸ, ಉಪದೇಶಿ. ಭೊಗಸ.”

ಕೊಂಕಣಿಯಲ್ಲಿ ಅದು ‘ಕ್ಷಮಿಸು’. ರಾಯಪ್ಪನವರ ಕಿವಿಗೆ ಬಿದ್ದದ್ದು ‘ಭೋಗಿಸು’, ಮಾಡಿದ್ದನ್ನು ಅನುಭವಿಸು ಎಂದು! ಅವರು ಗೋಡೆಗೆ ಮುಖ ತಿರುಗಿಸಿದರು. ಕಾಯತಾನ ತಲೆ ತಗ್ಗಿಸಿ ಮನೆಗೆ ಬಂದ. ಮತ್ತೆ ಆ ಬಾಗಿಲು ತುಳಿಯಲಿಲ್ಲ.

ವರ್ಷಗಳು ಕಳೆದವು. ಕಾಯತಾನನ ಕಣ್ಣು ಹೋದವು, ಆಮೇಲೆ ಹಾಸಿಗೆ ಹಿಡಿದ. ಎಲಿಜಬೆತ್ ಮನಸ್ಸು ಗಟ್ಟಿ ಮಾಡಿಕೊಂಡು ಉಪದೇಶಿಯನ್ನು ಕರೆಯಲು ಹೋದಳು.

“ಜ್ವರದಾಗ ಮಲಗಿದಾವಗ ‘ಭೋಗಸು’ ಅಂತ ಶಾಪ ಹಾಕಿದಾಂವ ನಿಮ್ಮಪ್ಪ,” ಎಂದರು ರಾಯಪ್ಪ.

“ಶಾಪ ಅಲ್ರಿ! ನಮ್ಮ ಮಾತಿನಾಗ ಅದು, ತಪ್ಪಾತು, ಹೊಟ್ಟ್ಯಾಗ ಹಾಕ್ಕೋರಿ ಅಂದಂಗ.”

ರಾಯಪ್ಪ ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಟರು. ಇಷ್ಟು ವರ್ಷ ಆ ಕೇರಿಯ ಅನ್ನ ಉಂಡು ಅದರ ಒಂದು ಮಾತು ಕಲಿಯಲಿಲ್ಲವಲ್ಲ ಎಂದು ದಾರಿಯಲ್ಲೇ ಅತ್ತರಂತೆ. ಅಳಲಿ, ಅಳಬೇಕಾದ್ದೇ.

ಚಾಪೆಯ ಪಕ್ಕ ಕೂತು, ಕೈ ಹಿಡಿದು, “ಭೊಗಸ, ಕಾಯತಾನಣ್ಣ” ಎಂದರು.

ಮುದುಕ ಕೊಂಕಣಿಯಲ್ಲಿ ಏನೋ ಗೊಣಗಿದ. ಎಲಿಜಬೆತ್ ತಿರುಗಿಸಿ ಹೇಳಿದಳು. “ಕೇರಿಯವರು ಯಾರೋ ಅಂತ ತಿಳಕೊಂಡಾನ್ರಿ. ನನಗ ಯಾರ ಮ್ಯಾಲೂ ಸಿಟ್ಟಿಲ್ಲ, ಉಪದೇಶಿಗೆ ಒಂದ ಮಾತು ಹೇಳು, ನನ್ನ ಕ್ಷಮಿಸಲಿ ಅಂತ, ಅಷ್ಟ ಸಾಕು ಅಂತಾನ್ರಿ.”

ಬಂದವರು ಅವರೇ ಎಂದು ಅವಳು ಅಪ್ಪನ ಕಿವಿಯಲ್ಲಿ ಹೇಳಿದಳು. ಅವನು ನಂಬದೆ, ಅಲ್ಲವೆಂದು ತಲೆಯಾಡಿಸಿದ. ಉಪದೇಶಿಗೆ ಕೊಂಕಣಿ ಎಲ್ಲಿ ಬರುತ್ತದೆ?

“ಅಣ್ಣಾ, ನಾನಽ ರೀ, ರಾಯಪ್ಪ! ಕ್ಷಮಿಸೇನ್ರಿ, ನೀವೂ ನನ್ನ ಕ್ಷಮಿಸ್ರಿ!” ಎಂದು ಅವರು ಕನ್ನಡದಲ್ಲೇ ಕೂಗಿದರು. ಮುದುಕನ ಉಸಿರು ಆಗಲೇ ಇಳಿಯುತ್ತಿತ್ತು.

ಆ ಕೂಗಿಗೆ ಅಪ್ಪನ ಬೆರಳು ಬಿಗಿಯಾದವು ಎಂದು ಎಲಿಜಬೆತ್ ಎಲ್ಲರಿಗೂ ಹೇಳುತ್ತಿದ್ದಳು. ಕೈ ಹಿಡಿದಿದ್ದ ರಾಯಪ್ಪ ಮಾತ್ರ ಎಂದೂ ಹಾಗೆ ಹೇಳಲಿಲ್ಲ.