ಮೋನೋ ಸೂಜಿಯ ಕೆಳಗೆ ಸ್ಟೀರಿಯೋ ತಟ್ಟೆ

ಬೊನಿಫಾಸ್ ಪೊರ್ಬುಗಳಿಗೆ ಒಮ್ಮೆ ಹೇಳಿದರೂ ತಲೆಗೆ ಹೋಗುವುದಿಲ್ಲ, ನೂರು ಸಲ ಹೇಳಿದರೂ ಹೋಗುವುದಿಲ್ಲ. ಬಿಜೈಯ ನನ್ನ ರೇಡಿಯೋ ರಿಪೇರಿ ಅಂಗಡಿಗೆ ಮೂವತ್ತು ವರ್ಷದಿಂದ ಬರುವ ಮನುಷ್ಯ. ಪಣಂಬೂರು ಬಂದರಿನ ಯಂತ್ರಗಳ ಅಬ್ಬರದಲ್ಲಿ ದುಡಿದು ಎಡಗಿವಿಯನ್ನು ಪೂರ್ತಿ ಕಳೆದುಕೊಂಡವರು.

ಅವರ ಹತ್ತಿರ ಅಪ್ಪನ ಕಾಲದ ಮೋನೋ ರೆಕಾರ್ಡ್ ಪ್ಲೇಯರ್ ಇದೆ, ಎಲ್ಲ ದನಿಯೂ ಒಂದೇ ಸ್ಪೀಕರಿನಲ್ಲಿ ಬರುವಂಥದ್ದು. ಅದರ ಸೂಜಿಯಲ್ಲಿ ಗದ್ದೆ ಉಳಬಹುದು, ಅಷ್ಟು ಭಾರ! ಹಳೆಯ ಮೋನೋ ಹಾಡಿನ ತಟ್ಟೆಗಳು ಹೇಗೋ ತಡೆದುಕೊಳ್ಳುತ್ತವೆ. ಸ್ಟೀರಿಯೋ ತಟ್ಟೆಯ ಗೆರೆ ನಾಜೂಕು. "ಇದರ ಮೇಲೆ ಸ್ಟೀರಿಯೋ ಇಡಬೇಡಿ ಪೊರ್ಬುಗಳೇ" ಎಂದು ಗಂಟಲು ಹರಿಯುವಷ್ಟು ಹೇಳಿದ್ದೆ.

ಅವರ ಮನೆಯಲ್ಲಿದ್ದ ಸ್ಟೀರಿಯೋ ತಟ್ಟೆ ಒಂದೇ. ಹೆಂಡತಿ ಜೂಲಿಬಾಯಿ ಮದುವೆಗೆ ಮೊದಲು ಇಗರ್ಜಿಯ ಗಾಯನ ತಂಡದಲ್ಲಿ ಹಾಡಿದ್ದು. ಆಕೆ ತೀರಿಕೊಂಡು ಎರಡು ವರ್ಷ. ಆ ದನಿ ಬೇರೆಲ್ಲೂ ಉಳಿದಿಲ್ಲ. ಅದಕ್ಕೆಂದೇ ಮಗಳು ಎಲೇನ್ ಕ್ರಿಸ್ಮಸ್ಸಿಗೆ ಹೊಸ ಸ್ಟೀರಿಯೋ ಪ್ಲೇಯರ್, ಹೆಡ್‌ಫೋನ್ ತಂದುಕೊಟ್ಟಳು. ನಾನೇ ಹೋಗಿ ಜೋಡಿಸಿದೆ. ಅಪ್ಪನ ಕಾಲದ ಒಂದು ಮೋನೋ ತಟ್ಟೆ ಹಾಕಿ ನೋಡಿದೆವು, ಚೆನ್ನಾಗಿ ಕೇಳಿಸಿತು.

ನಿನ್ನೆ ಜೂಲಿಬಾಯಿಯ ತಟ್ಟೆ ಹಿಡಿದುಕೊಂಡು ಬಂದರು. "ಇದಕ್ಕೆ ಎಂತ ಆಗಿದೆ ನೋಡು ಮಾರಾಯ. ಬರೀ ಬುಸ್ ಬುಸ್ ಹೇಳ್ತದೆ."

ಅಂಗಡಿಯ ಪ್ಲೇಯರಿಗೆ ಹಾಕಿದೆ. ಮರಳು ಹುರಿಯುವಂಥ ಸದ್ದು, ಅದರ ಹಿಂದೆ ಎಲ್ಲೋ ಹಾಡು. ಗೆರೆಗಳೆಲ್ಲ ಸವೆದು ಬೂದಿಬಣ್ಣಕ್ಕೆ ತಿರುಗಿದ್ದವು.

"ಹಳೆ ಪ್ಲೇಯರಿಗೆ ಹಾಕಿದ್ದೀರಾ?"

"ಹೌದು, ದಿನಾ ಬೆಳಿಗ್ಗೆ."

ನನಗೆ ಪಿತ್ತ ನೆತ್ತಿಗೇರಿತು. "ಎಷ್ಟು ಸಲ ಹೇಳಿದ್ದೇನೆ! ಹೊಸದು ಎಂತಕ್ಕೆ ಉಂಟು? ಚಂದ ನೋಡ್ಲಿಕ್ಕಾ?"

"ಹೊಸದರಲ್ಲಿ ಅವಳೇ ಇಲ್ಲ!" ಅವರೂ ಬೊಬ್ಬೆ ಹಾಕಿದರು. "ಗಂಡಸರು ಮಾತ್ರ ಹಾಡ್ತಾರೆ. ಹಳೆ ಪೆಟ್ಟಿಗೆಯಲ್ಲಿ ಎಲ್ಲರೂ ಒಟ್ಟಿಗೆ ಬರ್ತಾರೆ, ಅವಳೂ ಬರ್ತಾಳೆ. ನಾನು ಎಂತ ಮಾಡ್ಬೇಕಿತ್ತು?"

ಒಂದೊಂದೇ ಸ್ಪೀಕರಿಗೆ ಕಿವಿಯಿಟ್ಟು ಕೇಳಿದೆ. ಹೆಂಗಸರ ದನಿಯೆಲ್ಲ ಎಡಕ್ಕೆ, ಗಂಡಸರದು ಬಲಕ್ಕೆ. ಹೆಡ್‌ಫೋನಿನಲ್ಲಿ ಜೂಲಿಬಾಯಿ ಹಾಡಿದ್ದೆಲ್ಲ ಇವರ ಸತ್ತ ಕಿವಿಗೆ ಹೋಗಿತ್ತು.

"ಛೆ! ಹೆಡ್‌ಫೋನನ್ನು ಆಚೆ ಈಚೆ ತಿರುಗಿಸಿ ಹಾಕಿದ್ದರೆ ಸಾಕಿತ್ತಲ್ಲ, ಪೊರ್ಬುಗಳೇ."

ಹೇಳಬಾರದಿತ್ತು. ಅವರು ತಟ್ಟೆಯನ್ನು ಅದರ ಕವರಿನೊಳಗೆ ಹಾಕಿದರು.

"ನನಗೆ ಅದನ್ನು ಯಾರು ಹೇಳಿದ್ದಾರೆ, ಜಯ?"

ಯಾರೂ ಹೇಳಿರಲಿಲ್ಲ. ಜೋಡಿಸಿದ ದಿನ ಎಡ ಯಾವುದು, ಬಲ ಯಾವುದು ಎಂದು ಎರಡೆರಡು ಸಲ ನೋಡಿ ಹೆಡ್‌ಫೋನನ್ನು ಅವರ ತಲೆಗೆ ಹಾಕಿದವನು ನಾನೇ.