ಬೊಂಬೆಗೆ ಎದೆ ಕೊಟ್ಟವನು

ಯಾಓ ಪಟ್ಟಣದ ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಕಿನುಯೊಳ ಕ್ಷೌರದಂಗಡಿ. ಅಪ್ಪ ಸತ್ತ ಮೇಲೆ ಕತ್ತರಿ ಹಿಡಿದವಳು, ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಇಡೀ ಗಲ್ಲಿಯ ತಲೆ ಬೋಳಿಸುತ್ತ ಐವತ್ತೆಂಟು ದಾಟಿದಳು. ತಮ್ಮ ಶಿಗೆಹಿಕೊನನ್ನು ಬೆನ್ನ ಮೇಲೆ ಹೊತ್ತು ಬೆಳೆಸಿದವಳೂ ಅವಳೇ. ಅಮ್ಮ ಮೀನುವಡೆ ಕಾರ್ಖಾನೆಗೆ ಹೋಗಿ ಬರುವಷ್ಟರಲ್ಲಿ ಅವನು ಅಕ್ಕನ ಕೈಯಲ್ಲಿ ಉಂಡು ಮಲಗಿರುತ್ತಿದ್ದ.

ಆ ತಮ್ಮ ಈಗ ಟೋಕಿಯೊದಲ್ಲಿ ದೊಡ್ಡ ಮನುಷ್ಯ. ವಿಡಿಯೊ ಗೇಮ್‌ಗಳಿಗೆ ಕಥೆ ಬರೆಯುತ್ತಾನೆ. ಅವನ ಗೇಮಿನ ನಾಯಕ ಗಿನ್ಜಿ ಎಂಬ ಕಬ್ಬಿಣದ ಬೊಂಬೆ. ಅದಕ್ಕೆ ಮನುಷ್ಯನಾಗುವ ಆಸೆ. ಮಂತ್ರವಿಲ್ಲ, ಮದ್ದಿಲ್ಲ, ಅದಕ್ಕೆ ಬೇಕಾದದ್ದು ಸಂಬಂಧ. ಗೆಳೆಯನ ಜೊತೆ ಜಗಳವಾಡಿ ರಾಜಿಯಾದರೆ ಎದೆಯೊಳಗೆ ಒಂದು ಹನಿ ರಕ್ತ ಹುಟ್ಟುತ್ತದೆ, ಹಾಸಿಗೆ ಹಿಡಿದ ಮುದುಕಿಯನ್ನು ತಾಯಿ ಎಂದುಕೊಂಡು ನೋಡಿಕೊಂಡರೆ ಇನ್ನೊಂದು. ಒಬ್ಬನೇ ವೈರಿಗಳನ್ನು ಕಡಿಯುತ್ತ ಮುಂದೆ ಹೋದವನಿಗೆ ಕೊನೆಯ ಬಾಗಿಲು ತೆರೆಯುವುದೇ ಇಲ್ಲ. ಹಿಂದಕ್ಕೆ ಬಾ, ಮೊದಲು ಯಾರಿಗಾದರೂ ಏನಾದರೂ ಆಗು ಎನ್ನುತ್ತದೆ ಆಟ.

ಅಂಗಡಿಯ ಟಿವಿಯಲ್ಲಿ ಅವನ ಸಂದರ್ಶನ ಬಂದಾಗ ಕಿನುಯೊ ಯಾರದೋ ಗಡ್ಡ ಹೆರೆಯುತ್ತಿದ್ದಳು. 'ಮನುಷ್ಯತ್ವ ಒಬ್ಬನ ಒಳಗೆ ಇರುವುದಿಲ್ಲ, ಇಬ್ಬರ ನಡುವೆ ಇರುತ್ತದೆ' ಎಂದ ಶಿಗೆಹಿಕೊ, ತೂಕವಾಗಿ. ಟೋಕಿಯೊಗೂ ಯಾಓಗೂ ನಡುವೆ ಇರುವುದು ಮೂರು ತಾಸಿನ ರೈಲು. ಅದನ್ನು ಹತ್ತುವುದಕ್ಕೆ ಮನುಷ್ಯತ್ವವೇನೂ ಬೇಕಿರಲಿಲ್ಲ, ಟಿಕೆಟ್ ಸಾಕಿತ್ತು. ಮೂರು ವರ್ಷದಿಂದ ಅಮ್ಮ ಹಾಸಿಗೆ ಹಿಡಿದಿದ್ದಳು.

ಕುರ್ಚಿಯಲ್ಲಿದ್ದ ಬ್ಯಾಂಕ್ ಗುಮಾಸ್ತನ ಕಣ್ಣಲ್ಲಿ ನೀರು. "ಇದನ್ನ ಬರೆದೋರು ಹೆತ್ತೋರನ್ನ ಹೂವಿನ ಹಾಗೆ ನೋಡ್ಕೊಂಡಿರ್ಬೇಕು ಅಲ್ವೇನಮ್ಮಾ?"

"ಮಾತಾಡ್ಬೇಡಿ, ಕತ್ತಿ ತಾಗತ್ತೆ," ಎಂದಳು ಕಿನುಯೊ. ಬರೆದವನು ತನ್ನ ತಮ್ಮ ಎಂದು ಹೇಳಲು ಅವಳಿಗೆ ನಾಚಿಕೆ.

ಬರಲೇ ಇಲ್ಲ ಎಂದೇನಲ್ಲ. ಒಂದು ಸಲ ಬಂದಿದ್ದ. ಪಕ್ಕದ ಮನೆಯ ಯೊಶಿನೊ ಎಂಬ ವಿಧವೆ ಆಗ ಅಮ್ಮನಿಗೆ ಗಂಜಿ ಕುಡಿಸುತ್ತಿದ್ದಳು. ಅಂಗಡಿಯಲ್ಲಿ ಗಿರಾಕಿ ಇದ್ದರೆ ಆ ಕೆಲಸ ಅವಳದೇ. ಪ್ರತಿ ಚಮಚವನ್ನೂ ಮೊದಲು ತನ್ನ ಮೇಲ್ದುಟಿಗೆ ತಾಗಿಸಿ ಬಿಸಿ ನೋಡುವುದು ಅವಳ ಅಭ್ಯಾಸ. ಶಿಗೆಹಿಕೊ ಬಟ್ಟಲು ಖಾಲಿಯಾಗುವ ತನಕ ಕಣ್ಣು ಕೀಳದೆ ನೋಡಿದ, ಚಹಾ ಕುಡಿದ, ಹೊರಟ. ಪಾಪ, ಹುಡುಗನ ಕರುಳು ಕಿವುಚಿರಬೇಕು ಎಂದುಕೊಂಡರು ಇಬ್ಬರು ಹೆಂಗಸರೂ. ಮುಂದಿನ ವರ್ಷ ಗೇಮ್ ಬಂತು. ಬಿಸಿ ತಣ್ಣಗಿನ ಅರಿವೇ ಇಲ್ಲದ ಆ ಕಬ್ಬಿಣದ ಬೊಂಬೆ ಚಮಚವನ್ನು ತನ್ನ ತುಟಿಗೆ ತಾಗಿಸಿ, ಆಮೇಲೆ ಮುದುಕಿಗೆ ಕುಡಿಸುತ್ತದೆ. ದೇಶವೆಲ್ಲ ಅತ್ತಿತು. ಗಿರಾಕಿಯೊಬ್ಬನಿಂದ ಕೇಳಿ ತಂದು ನೋಡಿದ ಕಿನುಯೊ ಕೂಡ ಅತ್ತಳು, ಅತ್ತದ್ದಕ್ಕೆ ಹೊಟ್ಟೆ ಉರಿದುಕೊಂಡಳು. ಚಮಚ ಮುಟ್ಟದವನು ಇಷ್ಟು ಚೆನ್ನಾಗಿ ಹೇಗೆ ಬರೆದ? ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಸುಮ್ಮನೆ ಹೇಳಿದರೇ!

ಅಮ್ಮ ಮಾತ್ರ ಮಗನ ಮೇಲೆ ದೂರು ಹೇಳಿದವಳಲ್ಲ. ಅವಳು ಕೇಳಿದ್ದು ಒಂದೇ. "ನನ್ನ ಸುಟ್ಟ ಮೇಲೆ ಎಲುಬನ್ನ ನೀವಿಬ್ರೂ ಸೇರಿ ಎತ್ಬೇಕು ಕಣೇ. ನೀನೊಂದು ಕಡೆ ಹಿಡಿ, ಅವನೊಂದು ಕಡೆ ಹಿಡೀಲಿ."

"ಹಿಡೀತಾನಮ್ಮ. ಹಿಡಿಸ್ತೀನಿ," ಎಂದಿದ್ದಳು ಕಿನುಯೊ.

ಅಮ್ಮ ಸತ್ತಳು. ಶಿಗೆಹಿಕೊ ಬಂದ, ಕಪ್ಪು ಸೂಟು ಒಪ್ಪವಾಗಿತ್ತು. ಶವದ ಮುಂದೆ ರಾತ್ರಿ ಕೂರುವ ಜಾಗರಣೆಯಲ್ಲಿ ಚೆನ್ನಾಗಿ ಅತ್ತ. ಎಲ್ಲಿ ಮಾತು ನಿಲ್ಲಿಸಬೇಕು, ಎಲ್ಲಿ ಬಿಕ್ಕಬೇಕು ಎಂಬುದೆಲ್ಲ ಅವನ ಕಸುಬೇ ಅಲ್ಲವೆ? ಆದರೂ ಅಕ್ಕನ ಮನಸ್ಸು ಕರಗಿತು. ಬಂದನಲ್ಲ, ಅಮ್ಮನ ಮಾತು ಉಳಿಯಿತು ಎಂದುಕೊಂಡಳು.

ಚಿತಾಗಾರದಲ್ಲಿ ಸುಟ್ಟ ಎಲುಬುಗಳ ತಟ್ಟೆ ಹೊರಬಂತು. ಬಿಳಿ ಕೈಗವಸಿನ ಸಿಬ್ಬಂದಿ ಎಲ್ಲರಿಗೂ ಊಟಕ್ಕೆ ಬಳಸುವಂಥದೇ ಜೋಡಿ ಕಡ್ಡಿಗಳನ್ನು, ಇನ್ನೂ ಉದ್ದನೆಯವನ್ನು, ಕೊಟ್ಟ. ಒಂದು ಎಲುಬನ್ನು ಇಬ್ಬರು ತಮ್ಮ ತಮ್ಮ ಕಡ್ಡಿಗಳಿಂದ ಒಟ್ಟಿಗೆ ಹಿಡಿದೆತ್ತಿ ಮಡಕೆಗೆ ಹಾಕಬೇಕು. ಇದೊಂದು ಹೊತ್ತು ಬಿಟ್ಟರೆ ಊಟದ ತಟ್ಟೆಯಲ್ಲಿ ಇಬ್ಬರು ಕಡ್ಡಿಗಳಿಂದ ಒಂದೇ ತುಂಡು ಹಿಡಿದರೂ ಅಪಶಕುನವೆಂದು ಹಿರಿಯರು ಕೈಗೆ ಬಾರಿಸುತ್ತಾರೆ. ಕಿನುಯೊ ಪಾದದ ಎಲುಬಿನ ಒಂದು ತುದಿ ಹಿಡಿದು ತಮ್ಮನಿಗಾಗಿ ಕಾದಳು.

ಅವನ ಕೈ ಮುಂದೆ ಬರಲಿಲ್ಲ. "ಅಕ್ಕಾ, ಒಂದ್ನಿಮಿಷ. ಮೊದಲು ನೀನೂ ಯೊಶಿನೊ ಅವ್ರೂ ಎತ್ತಿ. ಸ್ವಲ್ಪ ನಿಧಾನಕ್ಕೆ. ನಾನು ಪಕ್ಕದಿಂದ ನೋಡ್ತೀನಿ."

"ಯಾಕೋ?"

"ಮುಂದಿನ ಗೇಮಲ್ಲಿ ಗಿನ್ಜಿ ಇದನ್ನ ಮಾಡ್ಬೇಕು. ಆಗ್ಲೇ ಅವನ ಎದೆ ತುಂಬೋದು. ಇಬ್ರ ಕೈ ಹೇಗೆ ಹೊಂದತ್ತೆ ಅಂತ ಕಾಣ್ಬೇಕಿತ್ತು, ಅಷ್ಟೇ."

ನೆಂಟರು ನೆಲ ನೋಡಿದರು. ಯೊಶಿನೊ ಕಿನುಯೊಳ ಮುಖ ನೋಡಿ, ಎದುರಿಗೆ ಬಂದು ಆ ತುದಿ ಹಿಡಿದಳು. ಪಾದ, ಮೊಳಕಾಲು, ಸೊಂಟ, ಪಕ್ಕೆಲುಬು. ಶಿಗೆಹಿಕೊ ತಲೆ ಓರೆ ಮಾಡಿ ನೋಡುತ್ತಲೇ ಇದ್ದ, ಗಂಜಿ ಕುಡಿಸುವುದನ್ನು ನೋಡಿದ ಅದೇ ಕಣ್ಣು. ಇವನಿಗೆ ದುಃಖವಿಲ್ಲ ಎನ್ನುವಂತಿರಲಿಲ್ಲ, ಇತ್ತು. ಆದರೆ ಅದನ್ನೂ ಬೊಂಬೆಗೆ ಎತ್ತಿಟ್ಟಿದ್ದ. ಕಿನುಯೊಗೆ ಅವನ ಮೇಲೆ ಹೇಸಿಗೆಯಾಯಿತು.

"ಇನ್ನು ಕಂಠದ ಎಲುಬು, ಕೊನೇದು," ಎಂದ ಸಿಬ್ಬಂದಿ, ತಲೆ ಬಾಗಿಸಿ. "ತೀರಿಹೋದೋರಿಗೆ ತೀರಾ ಹತ್ತಿರದೋರು ಇಬ್ರು ಬನ್ನಿ."

ಈಗ ಶಿಗೆಹಿಕೊ ಮುಂದೆ ಬಂದ. ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಯೊಶಿನೊ ಹಿಂದೆ ಸರಿದಳು. "ಮಗ ಇದ್ದಾನಲ್ಲಮ್ಮ, ನಾನು ಹೊರಗಿನೋಳು."

"ನೀವು ಬನ್ನಿ ಯೊಶಿನೊ ಅವ್ರೇ," ಎಂದಳು ಕಿನುಯೊ.

"ಅಕ್ಕಾ, ಇದೊಂದು ನಾನು..."

"ಬೇಡಪ್ಪ. ನೀನು ನೋಡೋಕೆ ಬಂದೋನು. ಚೆನ್ನಾಗಿ ನೋಡ್ಕೊ, ಹೋಗಿ ನಿನ್ನ ಬೊಂಬೆಗೆ ಹೇಳ್ಕೊಡು. ಅದಾದ್ರೂ ಎತ್ತಲಿ."

ಅಮ್ಮ ಕೇಳಿದ್ದು ಇದಲ್ಲ ಎಂದು ಕಿನುಯೊಗೆ ಗೊತ್ತಿತ್ತು. ಮನಸ್ಸಿನಲ್ಲೇ ಅಮ್ಮನ ಕ್ಷಮೆ ಕೇಳಿ, ಯೊಶಿನೊಳ ಜೊತೆ ಎಲುಬನ್ನೆತ್ತಿ ಮಡಕೆಯಲ್ಲಿಟ್ಟಳು. ಸಿಬ್ಬಂದಿ ಮುಚ್ಚಳ ಮುಚ್ಚಿ, ಎಲ್ಲರ ಕೈಯ ಕಡ್ಡಿಗಳನ್ನೂ ವಾಪಸು ತೆಗೆದುಕೊಳ್ಳುತ್ತ ಬಂದ. ಶಿಗೆಹಿಕೊ ಮಾತ್ರ ಬಿಡಲೊಲ್ಲ, ಬೂದಿಯ ಒಂದು ಕಣವೂ ತಾಗದ ಆ ಕಡ್ಡಿಗಳನ್ನು ಮುಷ್ಟಿಯಲ್ಲಿ ಬಿಗಿದು ನಿಂತಿದ್ದ.