ಜಪಾನಿನ ಡಿಸೈನರ್ ನನ್ನ ಗೇಮ್ ಆಡಿದಾಗ

ದುಬೈನ ಗೇಮ್ ಮೇಳದಲ್ಲಿ ಆ ಜಪಾನಿ ಡಿಸೈನರ್ ನನ್ನ ಗೇಮ್ ಆಡಲು ಕೂತರು. ದೊಡ್ಡ ಕಂಪನಿ ಬಿಟ್ಟು, ಒಬ್ಬರೇ ಗೇಮ್ ಮಾಡಿ ಹೆಸರು ಗಳಿಸಿದವರು. ಅವರು ಚೆನ್ನಾಗಿಲ್ಲ ಅಂದರೆ ಗೇಮ್ ಮಾಡುವ ಈ ಹುಚ್ಚು ಬಿಟ್ಟುಬಿಡಬೇಕೆಂದು ನಿರ್ಧರಿಸಿದ್ದೆ. ದುಬೈನದೇ ದೇರಾದ ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿ ಹೊತ್ತು ಓಡುವ, ಇನ್ನೂ ಅರ್ಧವೇ ಆಗಿದ್ದ ಆಟ ಅದು. ‘ಎಡಕ್ಕೆ ಹೋಗಿ, ಈಗ ಹಾರಿ’ ಎಂದು ನಾನು ಹೇಳುತ್ತಲೇ ಇದ್ದೆ.

‘ಮಾರಾಯ್ರೆ, ಅವರನ್ನು ಆಡ್ಲಿಕ್ಕೆ ಬಿಡಿ. ಪರೀಕ್ಷೆಯಲ್ಲಿ ಕಾಪಿ ಹೊಡೆಸಿದ ಹಾಗೆ ಮಾಡ್ತೀರಲ್ಲ!’ ಎಂದು ಪಕ್ಕದಲ್ಲಿದ್ದ ಹೆಂಡತಿ ಗದರಿದಳು.

ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಅವರು ಆಟದಲ್ಲಿ ಒಂದೇ ಕಡೆ ಮೂರು ಸಲ ಜಾರಿ ಬಿದ್ದರು. ನಾಲ್ಕನೇ ಸಲ ದಾಟಿದವರೇ ಜೋರಾಗಿ ನಕ್ಕು, ‘ನನ್ನ ಮೊದಲ ಗೇಮನ್ನು ಇಷ್ಟು ದೂರ ಯಾರೂ ಆಡಲಿಲ್ಲ. ಇದನ್ನು ಮುಗಿಸಿ’ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಓದಿದ್ದನ್ನು ಆಟದಲ್ಲಿ ಹಾಳು ಮಾಡುತ್ತಿದ್ದೇನೆಂಬ ಅಳುಕಿಗೆ ಅಪ್ಪನಿಂದ ಗೇಮಿನ ವಿಷಯ ಮುಚ್ಚಿಟ್ಟಿದ್ದೆ. ಅಂದು ಮೇಳದಿಂದಲೇ ಫೋನ್ ಮಾಡಿ ಹೇಳಿಬಿಟ್ಟೆ. ಎದೆ ಹಗುರಾಯಿತು.